ಹೈ ಆರ್‌ಪಿಎಂನಲ್ಲಿ ಲೀನ್ ಆಗ್ತಿದೆ (ಗಾಳಿಗೆ ಪೆಟ್ರೋಲ್ ಸಾಲ್ತಿಲ್ಲ), ಮ್ಯಾಪ್‌ನಲ್ಲಿ ಪೆಟ್ರೋಲ್ ಏರಿಸಿದ್ರೂ ಎಎಫ್‌ಆರ್ (ಗಾಳಿ-ಪೆಟ್ರೋಲ್ ಅನುಪಾತ) ಜಗ್ತಿಲ್ಲ

ಬೂಸ್ಟ್‌ಗಾಡಿ:
ಎಲ್ರಿಗೂ ನಮಸ್ಕಾರ. ನಂದು 2.0 ಲೀಟರ್ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್, ಪೋರ್ಟ್ ಇಂಜೆಕ್ಷನ್, ಕಂಪನಿ ಟರ್ಬೋ ತೆಗೆದು ದೊಡ್ಡದು ಕೂರಿಸಿದೀನಿ, 550 ಸಿಸಿ ಇಂಜೆಕ್ಟರ್, ಸ್ಟ್ಯಾಂಡ್‌ಅಲೋನ್ ಇಸಿಯು (ಇಂಜಿನ್ ನಡೆಸೋ ಬೇರೆ ಕಂಪ್ಯೂಟರ್), ವೈಡ್‌ಬ್ಯಾಂಡ್ (ಎಗ್ಸಾಸ್ಟ್‌ನಲ್ಲಿ ಎಎಫ್‌ಆರ್ ಅಳೆಯೋ ಸೆನ್ಸರ್) ಎಲ್ಲಾ ಇದೆ, ಫ್ಯೂಯಲ್ ಪಂಪ್ ಕೂಡ ದೊಡ್ಡದೇ ಆದ್ರೆ ಅದರ ವೈರಿಂಗ್ ಕಂಪನಿದೇ. ಬೂಸ್ಟ್ (ಟರ್ಬೋ ತುಂಬೋ ಗಾಳಿಯ ಹೆಚ್ಚುವರಿ ಒತ್ತಡ) 0.9 ಬಾರ್. ಡೈನೋದಲ್ಲಿ (ಪವರ್ ಅಳೆಯೋ ಯಂತ್ರ) 3000ದಿಂದ 5000 ಆರ್‌ಪಿಎಂವರೆಗೂ ಎಎಫ್‌ಆರ್ 11.6 ಗಟ್ಟಿಯಾಗಿ ನಿಲ್ಲತ್ತೆ, 5500 ದಾಟಿದ್ಮೇಲೆ ಮೆಲ್ಲಗೆ ಏರ್ತಾ 6500ಕ್ಕೆ 13.1 ಆಗ್ಬಿಡತ್ತೆ. ಅಲ್ಲಿ ವಿಇ ಟೇಬಲ್ (ಎಷ್ಟು ಪೆಟ್ರೋಲ್ ಹಾಕ್ಬೇಕು ಅಂತ ಇಸಿಯು ಲೆಕ್ಕ ಹಾಕೋ ಪಟ್ಟಿ) 8% ಏರಿಸಿದೆ, ಏನೂ ವ್ಯತ್ಯಾಸ ಇಲ್ಲ. ನಾಕ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಸಿಡಿಯೋ ಸದ್ದು) ಏನೂ ಕೇಳ್ಸಿಲ್ಲ. ಇನ್ನೂ ಏರಿಸ್ಲಾ ಅಥವಾ ಬೇರೆ ಕಡೆ ನೋಡ್ಬೇಕಾ?

ಹಳೇ ಟ್ಯೂನರ್:
ಫುಲ್ ಥ್ರಾಟಲ್ ಎಳೆಯೋದನ್ನ ಇವತ್ತೇ ನಿಲ್ಸಿ. 0.9 ಬಾರ್ ಬೂಸ್ಟ್‌ನಲ್ಲಿ 13.1 ಅಂದ್ರೆ ಪಿಸ್ಟನ್ ರಿಂಗ್ ಲ್ಯಾಂಡ್ ಮುರಿಯೋ ಜಾಗ ಅದು, ನಾಕ್ ಕಿವಿಗೆ ಕೇಳ್ಸೋ ಹೊತ್ತಿಗೆ ಕೆಲಸ ಮುಗಿದಿರತ್ತೆ. ಟೇಬಲ್‌ನಲ್ಲಿ ನಂಬರ್ ಏರಿಸಿದ್ರೂ ಎಎಫ್‌ಆರ್ ಜಗ್ಗಿಲ್ಲ ಅಂದ್ರೆ ತಪ್ಪು ಟೇಬಲ್‌ನಲ್ಲಿಲ್ಲ, ಇಸಿಯು ಕೇಳಿದಷ್ಟು ಪೆಟ್ರೋಲ್ ಸಿಲಿಂಡರ್‌ಗೆ ಹೋಗ್ತಿಲ್ಲ. 6500ರಲ್ಲಿ ಪಲ್ಸ್ ವಿಡ್ತ್ (ಇಂಜೆಕ್ಟರ್ ತೆರೆದಿರೋ ಹೊತ್ತು) ಎಷ್ಟಿದೆ ಲಾಗ್ ನೋಡಿ ಹೇಳಿ. ಆ ಸ್ಪೀಡ್‌ನಲ್ಲಿ ಒಂದು ಸೈಕಲ್‌ಗೆ ಸಿಗೋದೇ ಸುಮಾರು 18.5 ಮಿಲಿಸೆಕೆಂಡ್, ಅದರಲ್ಲಿ 85% ದಾಟಿದ್ರೆ ಇಂಜೆಕ್ಟರ್ ಸಾಲ್ತಿಲ್ಲ ಅಂತ ಲೆಕ್ಕ.

ಲ್ಯಾಂಬ್ಡಾ ಒನ್:
ನಂಗೆ ಸೆನ್ಸರ್ ಮೇಲೂ ಅನುಮಾನ ಇದೆ, ವೈಡ್‌ಬ್ಯಾಂಡ್‌ಗಿಂತ ಮುಂಚೆ ಎಗ್ಸಾಸ್ಟ್ ಲೀಕ್ ಇದ್ರೆ ಹೊರಗಿನ ಗಾಳಿ ಸೇರಿ ಸುಳ್ಳು ಲೀನ್ ತೋರಿಸತ್ತೆ. ಇನ್ನೊಂದು ಮಾತು, ಟಾರ್ಗೆಟ್‌ನ ಲ್ಯಾಂಬ್ಡಾದಲ್ಲಿ ಇಟ್ಕೊಳ್ಳಿ, ಅಂದ್ರೆ ಎಎಫ್‌ಆರ್‌ನ ಸ್ಟಾಯ್ಕಿಯೋಮೆಟ್ರಿಕ್‌ನಿಂದ (ಫ್ಯೂಯಲ್ ಪೂರ್ತಿ ಸುಡೋಕೆ ಸರಿಯಾಗಿ ಬೇಕಾದ ಅನುಪಾತ) ಭಾಗಿಸಿದ್ದು. ಸೆನ್ಸರ್ ಅಳೆಯೋದು ಲ್ಯಾಂಬ್ಡಾನೇ, ಗೇಜ್ ಅದನ್ನ 14.7ರಿಂದ ಗುಣಿಸಿ ತೋರಿಸತ್ತೆ ಅಷ್ಟೆ. ಪೆಟ್ರೋಲ್‌ನಲ್ಲಿ 10% ಎಥನಾಲ್ ಇದ್ರೆ ಸ್ಟಾಯ್ಕಿಯೋಮೆಟ್ರಿಕ್ ಸುಮಾರು 14.1ಕ್ಕೆ ಇಳಿಯತ್ತೆ, ಇ85 (85%ವರೆಗೆ ಎಥನಾಲ್ ಇರೋ ಫ್ಯೂಯಲ್) ಆದ್ರೆ 9.8ರ ಹತ್ರ, ಆದ್ರೆ 0.79 ಲ್ಯಾಂಬ್ಡಾ ಯಾವ ಫ್ಯೂಯಲ್‌ಗೂ ಅಷ್ಟೇ ರಿಚ್ (ಗಾಳಿಗಿಂತ ಫ್ಯೂಯಲ್ ಜಾಸ್ತಿ).

ಹಳೇ ಟ್ಯೂನರ್:
ಲ್ಯಾಂಬ್ಡಾ ವಿಷಯ ಸರಿ, ಆದ್ರೆ ಲೀಕ್ ಅಂತ ನಂಗೆ ಅನ್ಸಲ್ಲ. ಲೀಕ್ ಇದ್ರೆ ಐಡಲ್‌ನಲ್ಲಿ, ಕಡಿಮೆ ಲೋಡ್‌ನಲ್ಲೇ ಹೆಚ್ಚು ಕಾಣತ್ತೆ, ಫುಲ್ ಬೂಸ್ಟ್‌ನಲ್ಲಿ ಒಳಗಿನ ಪ್ರೆಶರ್ ಜಾಸ್ತಿ ಇರೋದ್ರಿಂದ ಗ್ಯಾಸ್ ಹೊರಗೆ ಹೋಗತ್ತೆ. ಇವರದ್ದು ಉಲ್ಟಾ, ಮೇಲೆ ಹೋದಷ್ಟೂ ಕೆಡ್ತಿದೆ.

ಬೂಸ್ಟ್‌ಗಾಡಿ:
ಪಲ್ಸ್ ವಿಡ್ತ್ 12.6 ಮಿಲಿಸೆಕೆಂಡ್ ಇದೆ, 68% ಆಯ್ತು. ಹಂಗಾದ್ರೆ ಇಂಜೆಕ್ಟರ್‌ಗೆ ಇನ್ನೂ ಜಾಗ ಇದೆ ಅಲ್ವಾ?

ಹಳೇ ಟ್ಯೂನರ್:
ಇದೆ, ಅದಕ್ಕೇ ಈಗ ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡೋ ಪೈಪಿನ ಒತ್ತಡ) ನೋಡ್ಲೇಬೇಕು. ಪೆಟ್ರೋಲ್ ಪ್ರೆಶರ್ ರೆಗ್ಯುಲೇಟರ್‌ಗೆ ಇಂಟೇಕ್ ಮ್ಯಾನಿಫೋಲ್ಡ್‌ನಿಂದ (ಇಂಜಿನ್‌ಗೆ ಗಾಳಿ ಹೋಗೋ ದಾರಿ) ಪೈಪ್ ಬಂದಿದ್ರೆ ಬೇಸ್ 3 ಬಾರ್ ಜೊತೆ ಬೂಸ್ಟ್ 0.9 ಸೇರಿ 3.9 ಇರ್ಬೇಕು. ಇಂಜೆಕ್ಟರ್‌ಗೆ ಗೊತ್ತಾಗೋದು ಆಚೆ ಈಚೆ ಪ್ರೆಶರ್‌ನ ವ್ಯತ್ಯಾಸ ಮಾತ್ರ, ಫ್ಲೋ ಆ ವ್ಯತ್ಯಾಸದ ವರ್ಗಮೂಲದ ಪ್ರಕಾರ ಇಳಿಯತ್ತೆ. ನಿಮ್ಮ 11.6 ಹೋಗಿ 13.1 ಆಗಿದೆ ಅಂದ್ರೆ ಫ್ಲೋ ಸುಮಾರು 11% ಕಡಿಮೆ, ವ್ಯತ್ಯಾಸ 3ರಿಂದ 2.35ಕ್ಕೆ ಬಿದ್ದಿರ್ಬೇಕು, ಅಂದ್ರೆ ರೈಲ್‌ನಲ್ಲಿ 3.25 ಅಷ್ಟೆ ಇರತ್ತೆ ಅಂತ ನನ್ನ ಅಂದಾಜು. ಗಟ್ಟಿ ಗೇಜ್ ಅಥವಾ ಸೆನ್ಸರ್ ಹಾಕಿ ಲಾಗ್ ಮಾಡಿ, ಹಾಗೇ ಪಂಪ್ ಟರ್ಮಿನಲ್‌ನಲ್ಲೇ ವೋಲ್ಟೇಜ್ ಅಳೀರಿ, ಬ್ಯಾಟರಿ ಹತ್ರ ಅಲ್ಲ. ಫಿಲ್ಟರ್ ಹಳೇದಾಗಿದ್ರೆ ಅದನ್ನೂ ಬದಲಾಯ್ಸಿ. ಮತ್ತೆ ಆ 8% ವಾಪಸ್ ತೆಗೀರಿ ದಯವಿಟ್ಟು, ಇಲ್ಲಾಂದ್ರೆ ಪ್ರೆಶರ್ ಸರಿಯಾದ ದಿನ ಸಿಕ್ಕಾಪಟ್ಟೆ ರಿಚ್ ಹೊಡೆಯತ್ತೆ, ಆಗ ಮಿಸ್‌ಫೈರ್ ಆದ್ರೆ ಸುಡದೇ ಉಳಿದ ಆಕ್ಸಿಜನ್‌ನಿಂದ ವೈಡ್‌ಬ್ಯಾಂಡ್ ಮತ್ತೆ ಲೀನ್ ಅಂತಾನೇ ತೋರಿಸಿ ನಿಮ್ಮನ್ನ ಇನ್ನೂ ದಾರಿ ತಪ್ಪಿಸತ್ತೆ.

ಬೂಸ್ಟ್‌ಗಾಡಿ:
ಸರ್, ನೀವು ಹೇಳಿದ ಹಾಗೇ ಇತ್ತು! 5400ರವರೆಗೆ 3.9 ಇದ್ದಿದ್ದು 6500ಕ್ಕೆ 3.3ಕ್ಕೆ ಇಳೀತಿತ್ತು, ರನ್ ಅಲ್ಲಿಗೇ ಬಿಟ್ಟೆ. ಬ್ಯಾಟರಿ ಹತ್ರ 13.8 ವೋಲ್ಟ್ ಇದ್ರೆ ಪಂಪ್ ಹತ್ರ 11.5. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು ಫ್ಯೂಸ್, ಬೇರೆ ರಿಲೇ ಹಾಕಿ, ಅರ್ತ್ ಕೂಡ ಹೊಸದು ಮಾಡಿದ್ಮೇಲೆ ಪಂಪ್‌ಗೆ 13.4 ಸಿಗ್ತಿದೆ. ಹಳೇ ಟೇಬಲ್‌ನಲ್ಲೇ ಪ್ರೆಶರ್ 3.85ಕ್ಕಿಂತ ಕೆಳಗೆ ಬರ್ತಿಲ್ಲ, 11.6ರಿಂದ 11.7 ಒಳಗೇ ರೆಡ್‌ಲೈನ್‌ವರೆಗೂ ನಿಲ್ತಿದೆ, ತುಂಬಾ ಥ್ಯಾಂಕ್ಸ್. ಈಗ ಬೂಸ್ಟ್ 1.1 ಮಾಡ್ಬಹುದಾ?

ಹಳೇ ಟ್ಯೂನರ್:
ಸಂತೋಷ ಆಯ್ತು. 1.1ಕ್ಕೆ ಈಗ್ಲೇ ಹೋಗ್ಬೇಡಿ, ಪ್ರೆಶರ್ ಏರಿದಷ್ಟೂ ಪಂಪ್ ಕೊಡೋ ಲೀಟರ್ ಕಡಿಮೆ ಆಗತ್ತೆ, ನಿಮ್ಮ ಪಂಪ್‌ನ ಚಾರ್ಟ್‌ನಲ್ಲಿ 4.1 ಬಾರ್‌ಗೆ ಎಷ್ಟು ಅಂತ ಮೊದ್ಲು ನೋಡಿ. ಪ್ರೆಶರ್ ಸೆನ್ಸರ್ ತೆಗೀಬೇಡಿ, ಅದನ್ನ ಇಸಿಯುಗೇ ಸೇರಿಸಿ ವ್ಯತ್ಯಾಸ 2.7 ಬಾರ್‌ಗಿಂತ ಇಳಿದ್ರೆ ಬೂಸ್ಟ್ ಕಟ್ ಆಗೋ ಹಾಗೆ ಮಾಡಿ. ಆಮೇಲೆ ಇಗ್ನಿಷನ್ ಟೈಮಿಂಗ್ ಎರಡು ಡಿಗ್ರಿ ಹಿಂದೆ ಇಟ್ಟು ಶುರು ಮಾಡಿ, ನಾಕ್ ಲಾಗ್ ನೋಡ್ಕೊಂಡು ಒಂದೊಂದೇ ಡಿಗ್ರಿ ವಾಪಸ್ ಕೊಡಿ.