ರಾಟ್‌ವೀಲರ್ ಮುದ್ದಿಸುವಾಗ ಗುರುಗುಟ್ಟುವುದು ಪ್ರೀತಿಯೋ, ಎಚ್ಚರಿಕೆಯೋ?

ಪ್ರಶ್ನೆ

ನಮ್ಮ ಮನೆಯಲ್ಲಿ ಇಪ್ಪತ್ತು ತಿಂಗಳ ಗಂಡು ರಾಟ್‌ವೀಲರ್ ನಾಯಿ ಇದೆ. ಎಂಟು ವಾರದ ಮರಿಯಾಗಿದ್ದಾಗ ತಂದೆವು; ಈಗ ನಲವತ್ತೇಳು ಕಿಲೋ ತೂಗುತ್ತದೆ. ಇದುವರೆಗೆ ಯಾರಿಗೂ ಹಲ್ಲು ತೋರಿಸಿದ್ದಿಲ್ಲ. ಆದರೆ ಕೆಲವು ತಿಂಗಳಿಂದ, ಕಿವಿಯ ಹಿಂದೆ ಅಥವಾ ಎದೆಯ ಮೇಲೆ ಕೈಯಾಡಿಸಿದಾಗ ಗಂಟಲಿನ ಆಳದಿಂದ ಗೊರಗೊರ ಎಂಬ ಸದ್ದನ್ನು ಒಂದೇ ಸಮನೆ ಹೊರಡಿಸುತ್ತದೆ. ಯಾರಾದರೂ ನಿಂತಿದ್ದರೆ ಬಂದು ಮೈಭಾರವನ್ನೆಲ್ಲ ಅವರ ಕಾಲಿನ ಮೇಲೆ ಹಾಕಿ ಒರಗುತ್ತದೆ. ನಾನು ಕೋಣೆ ಬದಲಿಸಿದರೆ ಹಿಂದೆಯೇ ಬಂದು ಬಾಗಿಲಿಗೆ ಅಡ್ಡವಾಗಿ ಮಲಗುತ್ತದೆ. ಆ ಸದ್ದು ಕೇಳಿದಾಗಲೆಲ್ಲ ಮನೆಯ ಹಿರಿಯರು ಗದರಿಸುತ್ತಾರೆ. ಒರಗುವುದು ಯಜಮಾನಿಕೆ ಸಾಧಿಸುವ ಲಕ್ಷಣವೆಂದೂ, ಈಗಲೇ ತಡೆಯದಿದ್ದರೆ ಮುಂದೆ ಕೈಮೀರುತ್ತದೆಂದೂ ಅವರ ಅಭಿಪ್ರಾಯ. ಮನೆಯಲ್ಲಿ ಆರು ವರ್ಷದ ಮಗಳಿರುವುದರಿಂದ ನನಗೂ ಆ ಮಾತನ್ನು ತಳ್ಳಿಹಾಕುವ ಧೈರ್ಯವಿಲ್ಲ. ಈ ತಳಿಯೊಡನೆ ವರ್ಷಗಟ್ಟಲೆ ಬಾಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ನಾನು ಒಂದರ ನಂತರ ಒಂದರಂತೆ ಮೂರು ರಾಟ್‌ವೀಲರ್‌ಗಳನ್ನು ಸಾಕಿದ್ದೇನೆ, ಮೂರೂ ಹೀಗೆಯೇ ಗೊರಗುಟ್ಟುತ್ತಿದ್ದವು. ಬೆಕ್ಕು ಸುಖವಾಗಿರುವಾಗ ಮಾಡುವ ಸದ್ದಿಗೆ ಇದು ನಾಯಿಯ ರೂಪ ಎಂದುಕೊಂಡರೆ ಹೆಚ್ಚು ತಪ್ಪಾಗಲಾರದು. ಆದರೆ ಕಿವಿಯೊಂದನ್ನೇ ನಂಬಿ ತೀರ್ಮಾನಿಸಬೇಡಿ, ಏಕೆಂದರೆ ಇಂಥ ಸದ್ದೇ ನಿಜವಾದ ಎಚ್ಚರಿಕೆಯೂ ಆಗಬಹುದು. ವ್ಯತ್ಯಾಸವಿರುವುದು ಉಳಿದ ಮೈಯಲ್ಲಿ. ಕಣ್ಣು ಅರೆಮುಚ್ಚಿ, ಬಾಯಿ ಸಡಿಲವಾಗಿ, ಸೊಂಟ ಒಂದು ಕಡೆಗೆ ಜೋತುಬಿದ್ದಿದ್ದರೆ ಅದು ಸುಖದ ಸದ್ದು. ತುಟಿ ಬಿಗಿದು, ಉಸಿರು ಹಿಡಿದು, ಮೈ ಕಲ್ಲಿನಂತೆ ಸೆಟೆದು, ಕಣ್ಣಿನ ಬಿಳಿ ಭಾಗ ಓರೆಯಾಗಿ ಕಂಡರೆ ಅದು ‘ಸಾಕು, ದೂರ ಹೋಗು’ ಎಂಬ ಮಾತು.

ಸಂದೇಹವಿದ್ದಾಗ ನಾನು ಮಾಡುವುದು ಇಷ್ಟೇ: ಮೂರು ಸೆಕೆಂಡು ಸವರಿ ಕೈ ಹಿಂತೆಗೆದುಕೊಳ್ಳುತ್ತೇನೆ. ನಾಯಿ ಕೈಯನ್ನು ಹುಡುಕಿಕೊಂಡು ಬಂದರೆ ಮುಂದುವರಿಸುತ್ತೇನೆ. ಮುಖ ತಿರುಗಿಸಿದರೆ, ಮೂಗು ನೆಕ್ಕಿಕೊಂಡರೆ ಅಥವಾ ಎದ್ದು ಹೋದರೆ ಅಲ್ಲಿಗೇ ಬಿಡುತ್ತೇನೆ. ಬಾಲ ಕತ್ತರಿಸಿದ ನಾಯಿಯಾಗಿದ್ದರೆ ಇನ್ನಷ್ಟು ಗಮನ ಬೇಕು, ಏಕೆಂದರೆ ಅದರ ಮನಸ್ಸನ್ನು ಓದುವ ಒಂದು ದೊಡ್ಡ ಗುರುತನ್ನೇ ನಾವು ಕಳೆದಿರುತ್ತೇವೆ. ಈ ತಳಿಯ ತವರಾದ ಜರ್ಮನಿಯಲ್ಲಿ ಬಾಲ ಕತ್ತರಿಸುವುದನ್ನು 1998ರಲ್ಲಿಯೇ ನಿಷೇಧಿಸಲಾಯಿತು.

ಒರಗುವುದಕ್ಕೂ ಯಜಮಾನಿಕೆಗೂ ಸಂಬಂಧವಿಲ್ಲ. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಸಾಯಿಗಳು ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗಲು ಮತ್ತು ಗಾಡಿ ಎಳೆಯಲು ಸಾಕುತ್ತಿದ್ದ ನಾಯಿ ಇದು. ತನಗಿಂತ ಹತ್ತು ಪಟ್ಟು ತೂಗುವ ಎತ್ತಿನ ಪಕ್ಕದಲ್ಲಿ ಅಂಜದೆ ನಡೆಯಲು, ಬೇಕಾದರೆ ಮೈಯಿಂದಲೇ ನೂಕಲು ಹುಟ್ಟಿದ ಪ್ರಾಣಿ ಪ್ರೀತಿಯನ್ನೂ ಮೈಯಿಂದಲೇ ತೋರಿಸಿದರೆ ನನಗೇನೂ ಆಶ್ಚರ್ಯವಾಗುವುದಿಲ್ಲ. ರೈಲು ಬಂದ ಮೇಲೆ ದನ ಹೊಡೆಯುವ ಕೆಲಸ ತಪ್ಪಿ ತಳಿಯೇ ಕ್ಷೀಣಿಸಿತ್ತು. 1910ರಲ್ಲಿ ಪೊಲೀಸ್ ನಾಯಿಯೆಂದು ಮಾನ್ಯತೆ ದೊರೆತ ಮೇಲೆ ಚೇತರಿಸಿಕೊಂಡಿತು. ಜನರಿಗೆ ನೆನಪಿರುವುದು ಆ ಎರಡನೆಯ ಉದ್ಯೋಗ ಮಾತ್ರ. ಬಾಗಿಲಿಗೆ ಅಡ್ಡ ಮಲಗುವುದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ನೀವು ಎದ್ದರೆ ಅದಕ್ಕೆ ತಿಳಿಯಬೇಕು, ಅಷ್ಟೆ.

ಉತ್ತರ 2

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಸದ್ದು ಯಾವುದೇ ಆಗಿರಲಿ, ಅದಕ್ಕಾಗಿ ಗದರಿಸುವುದನ್ನು ಇಂದೇ ನಿಲ್ಲಿಸಿ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಾನು ನಂಬುವವನಲ್ಲ, ಆದರೆ ಗುರುಗುಟ್ಟಬಾರದೆಂದು ಕಲಿತ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚುತ್ತದೆ ಎಂಬುದನ್ನು ನೋಡಿದ್ದೇನೆ. ಅಸಮಾಧಾನ ಹಾಗೆಯೇ ಉಳಿದು ಎಚ್ಚರಿಕೆ ಮಾತ್ರ ಇಲ್ಲವಾಗುತ್ತದೆ. ನಿಮ್ಮ ನಾಯಿಗೆ ಇನ್ನೂ ಹರೆಯ. ಈ ತಳಿ ಮನಸ್ಸಿನಲ್ಲಿ ಬಲಿಯಲು ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಸುಖಪಡುವಾಗ ಬೈಗುಳ ಕೇಳಿಸಿದರೆ, ಕೈ ಬಳಿಗೆ ಬಂದಾಗ ಏನೋ ಕೆಡುಕಾಗುತ್ತದೆ ಎಂದು ಅದು ಕಲಿಯುವ ಸಾಧ್ಯತೆಯೇ ಹೆಚ್ಚು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಮೂರು ಸೆಕೆಂಡಿನ ಪರೀಕ್ಷೆಯನ್ನು ನಾಲ್ಕು ದಿನ ಮಾಡಿದೆ. ನಾನು ಕೈ ತೆಗೆದ ಕೂಡಲೇ ಸದ್ದು ನಿಲ್ಲಿಸಿ ಮುಂಗಾಲಿನಿಂದ ನನ್ನ ಮಂಡಿಯನ್ನು ಕೆರೆಯುತ್ತದೆ. ಆದರೆ ನೋಡಲು ಕುಳಿತ ಮೇಲೆ ಇನ್ನೊಂದು ವಿಷಯ ಕಂಡಿತು. ಅದು ತನ್ನ ಹಾಸಿಗೆಯಲ್ಲಿ ಮಲಗಿರುವಾಗ ಮಗಳು ಹೋಗಿ ಕುತ್ತಿಗೆ ತಬ್ಬಿಕೊಂಡರೆ ಸದ್ದೇ ಮಾಡುವುದಿಲ್ಲ. ತಲೆಯನ್ನು ಆಚೆ ತಿರುಗಿಸಿ ಕದಲದೆ ಇದ್ದುಬಿಡುತ್ತದೆ. ಇಷ್ಟು ದಿನ ಅದನ್ನು ತಾಳ್ಮೆಯೆಂದು ಮೆಚ್ಚಿಕೊಂಡಿದ್ದೆವು.

ಉತ್ತರ 3

ನಿಮ್ಮ ಮೊದಲ ಪ್ರಶ್ನೆಗಿಂತ ಇದು ಮುಖ್ಯವಾದದ್ದು. ಆ ಮೌನವೇ ನೀವು ಹೆದರಬೇಕಾದ ಎಚ್ಚರಿಕೆ. ತಬ್ಬಿಕೊಳ್ಳುವುದು ಮನುಷ್ಯರ ರೂಢಿ. ಅನೇಕ ನಾಯಿಗಳಿಗೆ ಅದು ಹಿಡಿದು ಕಟ್ಟಿಹಾಕಿದಂತೆ ಅನಿಸುತ್ತದೆ, ಮಲಗಿರುವಾಗಲಂತೂ ತಪ್ಪಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಮಗಳಿಗೆ ಒಂದೇ ನಿಯಮ ಸಾಕು: ಮಲಗಿರುವ ಅಥವಾ ತಿನ್ನುತ್ತಿರುವ ನಾಯಿಯ ಬಳಿ ಹೋಗುವಂತಿಲ್ಲ, ದೂರದಿಂದ ಹೆಸರು ಹಿಡಿದು ಕರೆಯಬೇಕು, ಎದ್ದು ಬಂದರೆ ಎದೆಯನ್ನೋ ಭುಜವನ್ನೋ ಸವರಬೇಕು. ದೊಡ್ಡವರೊಬ್ಬರು ಕಣ್ಣಿಟ್ಟಿರದ ಹೊತ್ತಿನಲ್ಲಿ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಡಬೇಡಿ. ಇದು ನಾಯಿಯ ಮೇಲಿನ ಅಪನಂಬಿಕೆಯಲ್ಲ. ಪ್ರೀತಿಯಿಂದ ಒರಗಿದರೂ ಅಷ್ಟು ತೂಕಕ್ಕೆ ಆರು ವರ್ಷದ ಮಗು ಉರುಳಿ ಬೀಳುತ್ತದೆ.

ಪಶುವೈದ್ಯರಿಗೂ ಒಮ್ಮೆ ತೋರಿಸಿ. ಈ ತಳಿಯಲ್ಲಿ ಸೊಂಟದ ಮತ್ತು ಮುಂಗಾಲಿನ ಮೊಣಗಂಟಿನ ಕೀಲುಗಳು ಸರಿಯಾಗಿ ಬೆಳೆಯದಿರುವುದು, ಮಂಡಿಯ ಅಸ್ಥಿರಜ್ಜು ಹರಿಯುವುದು ಸಾಮಾನ್ಯ, ಮತ್ತು ಈ ನಾಯಿಗಳು ನೋವನ್ನು ನುಂಗಿಕೊಳ್ಳುವುದರಲ್ಲಿ ಗಟ್ಟಿಗ. ಎದ್ದ ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿವೆಯೇ, ಮೆಟ್ಟಿಲ ಬುಡದಲ್ಲಿ ಅರೆಕ್ಷಣ ಹಿಂಜರಿಯುತ್ತದೆಯೇ ಎಂದು ಗಮನಿಸಿ. ಕೀಲು ನೋಯುತ್ತಿರುವಾಗ ಮೇಲೆ ಭಾರ ಬಿದ್ದರೆ ಎಷ್ಟು ಸೌಮ್ಯವಾದ ನಾಯಿಯಾದರೂ ಒಂದು ದಿನ ತಾಳ್ಮೆ ಕಳೆದುಕೊಳ್ಳಬಹುದು. ದಿನಕ್ಕೆ ಹತ್ತು ನಿಮಿಷ ಆಹಾರದ ಕಾಳುಗಳನ್ನು ಮನೆಯಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಕೀಲಿಗೆ ಶ್ರಮವಿಲ್ಲ, ತಲೆಗೆ ಕೆಲಸ ಸಿಗುತ್ತದೆ. ಕೆಲಸವಿಲ್ಲದ ರಾಟ್‌ವೀಲರ್ ತಾನೇ ಒಂದು ಉದ್ಯೋಗ ಹುಡುಕಿಕೊಳ್ಳುತ್ತದೆ, ಅದು ಸಾಮಾನ್ಯವಾಗಿ ನಮಗೆ ಒಗ್ಗುವಂಥದ್ದಾಗಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಕ್ಸ್‌ರೇ ಮಾಡಿಸಿದೆವು. ಎಡ ಮುಂಗಾಲಿನ ಮೊಣಗಂಟಿನಲ್ಲಿ ಸವೆತ ಆರಂಭವಾಗಿದೆಯಂತೆ. ತೂಕ ಇಳಿಸಲು ಮತ್ತು ಜಿಗಿಯಲು ಬಿಡದಿರಲು ಹೇಳಿ ನೋವಿನ ಔಷಧಿ ಕೊಟ್ಟಿದ್ದಾರೆ. ಮಗಳು ಈಗ ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತು ಕರೆಯುತ್ತಾಳೆ. ಐದು ದಿನದಲ್ಲಿ ಎರಡು ಬಾರಿ ಅದು ಬರಲಿಲ್ಲ, ಅವಳು ಸುಮ್ಮನೆ ಎದ್ದು ಹೋದಳು. ಉಳಿದ ದಿನ ಬಂದು, ನಿಧಾನವಾಗಿ ಕುಳಿತು, ಅವಳ ಭುಜಕ್ಕೆ ಭುಜ ತಾಗಿಸಿ ಗೊರಗುಟ್ಟಿತು. ಹಿರಿಯರು ಗದರಿಸುವುದನ್ನು ಪೂರ್ತಿ ಬಿಟ್ಟಿಲ್ಲ, ಆದರೆ ಬಾಯಿ ತೆರೆಯುವ ಮೊದಲು ನಾಯಿಯ ತುಟಿ ಸಡಿಲವಾಗಿದೆಯೇ ಎಂದು ಬಗ್ಗಿ ನೋಡುತ್ತಾರೆ.