‘ಗೋಲ್ಡ್ ಸ್ಟಾರ್ ಮದರ್’: ‘ವೀರಮಾತೆ’ ಅನ್ನಬಹುದೇ?

ಜಾನ್ ಫೋರ್ಡ್ ನಿರ್ದೇಶಿಸಿದ 1933ರ ‘ಪಿಲ್ಗ್ರಿಮೇಜ್’ ಚಿತ್ರದ ಬಗ್ಗೆ ಬರೆಯುತ್ತಿದ್ದೇನೆ. ಟಾಕಿ ಬಂದು ಆರೇ ವರ್ಷವಾಗಿದ್ದ ಕಾಲದ್ದು. ರಂಗಭೂಮಿಯಲ್ಲಿ ಪಳಗಿದ ಹೆನ್ರಿಯೆಟಾ ಕ್ರಾಸ್ಮನ್ ತಾಯಿಯ ಪಾತ್ರ ಮಾಡಿದ್ದಾರೆ, ಅದಕ್ಕಾದರೂ ನೋಡಿ. ನನ್ನ ತಲೆನೋವು ಅದರಲ್ಲಿ ಬರುವ ‘ಗೋಲ್ಡ್ ಸ್ಟಾರ್ ಮದರ್’ ಎಂಬ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂಬುದು.

ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಮಗ ಸೈನ್ಯ ಸೇರಿದರೆ ಮನೆಯ ಕಿಟಕಿಗೆ ನೀಲಿ ನಕ್ಷತ್ರದ ಪುಟ್ಟ ಬಾವುಟ ತೂಗುಹಾಕುತ್ತಿದ್ದರು. ಸತ್ತ ಸುದ್ದಿ ಬಂದರೆ ನೀಲಿಯ ಮೇಲೆ ಚಿನ್ನದ ಬಣ್ಣದ ನಕ್ಷತ್ರ. ಹೆಸರು ಬಂದದ್ದು ಅಲ್ಲಿಂದ. 1930ರಿಂದ 1933ರವರೆಗೆ ಸರ್ಕಾರವೇ ಖರ್ಚು ಹಾಕಿ ಇಂಥ 6,000ಕ್ಕೂ ಹೆಚ್ಚು ತಾಯಂದಿರನ್ನು, ವಿಧವೆಯರನ್ನು ಯುರೋಪಿನ ಸಮಾಧಿಗಳಿಗೆ ಕರೆದೊಯ್ದಿತು. ಚಿತ್ರದ ಹೆಸರಿನ ಯಾತ್ರೆ ಅದೇ.

‘ವೀರಮಾತೆ’ ಹಾಕಿಬಿಡಿ ಎಂದರು ಗೆಳೆಯರೊಬ್ಬರು. ಆದರೆ ಚಿತ್ರದ ಈ ತಾಯಿ ಹ್ಯಾನಾ ಜೆಸಪ್ ಯಾವ ಸೀಮೆಯ ವೀರಮಾತೆ? ಮಗ ತನಗೊಪ್ಪದ ಹುಡುಗಿಯನ್ನು ಕಟ್ಟಿಕೊಳ್ಳುತ್ತಾನಲ್ಲ ಎಂಬ ಹೊಟ್ಟೆಯುರಿಗೆ ತಾನೇ ಅವನನ್ನು ಸೈನ್ಯಕ್ಕೆ ಸೇರಿಸುತ್ತಾಳೆ. ಅವನು ಫ್ರಾನ್ಸಿನಲ್ಲಿ ಸಾಯುತ್ತಾನೆ. ಆ ಹುಡುಗಿಗೆ ಹುಟ್ಟಿದ ಮೊಮ್ಮಗನನ್ನೂ ಈಕೆ ಹತ್ತಿರ ಸೇರಿಸುವುದಿಲ್ಲ. ವೀರಮಾತೆ ಎಂದರೆ ನನಗೆ ನೆನಪಾಗುವವಳು ಮಹಾಭಾರತದ ವಿದುಲೆ. ಸೋತು ಬಂದು ಮಲಗಿದ ಮಗನನ್ನು ಬೈದು ಮತ್ತೆ ಯುದ್ಧಕ್ಕೆ ಅಟ್ಟಿದವಳು. ಹ್ಯಾನಾಳೂ ಅಟ್ಟಿದವಳೇ, ಮಗನ ಮಾನಕ್ಕಾಗಿ ಅಲ್ಲ ಅಷ್ಟೆ. ಬೇಕೆಂದೇ ವ್ಯಂಗ್ಯವಾಗಿ ಬಳಸೋಣ ಎಂದರೆ, ಅವಳ ಜೊತೆ ಹಡಗು ಹತ್ತಿದ ಉಳಿದ ತಾಯಂದಿರಿಗೂ ಇದೇ ಹೆಸರು, ಅಲ್ವಾ? ಅವರೇನು ತಪ್ಪು ಮಾಡಿದರು? ಹೊಗಳದ, ಚುಚ್ಚದ ಪದ ಬೇಕು.

‘ಚಿನ್ನದ ತಾರೆ’ ಎಂದರೆ ಪದಕ ಗೆದ್ದ ಓಟಗಾರ್ತಿ. ‘ಸ್ವರ್ಣತಾರಾ ಮಾತೆ’ ಎಂದರೆ ಸುಮ್ನೆ ಹಣ್ಣುಕಾಯಿ ಮಾಡಿಸಬೇಕು ಅನ್ನಿಸುತ್ತದೆ. ‘ಹುತಾತ್ಮ ಯೋಧನ ತಾಯಿ’ ಪತ್ರಿಕೆಗಳಲ್ಲಿ ರೂಢಿಯಲ್ಲಿದೆ, ಆದರೆ ಕಿಟಕಿಯ ನಕ್ಷತ್ರ ಬಿಟ್ಟುಹೋಗುತ್ತದೆ. ಸದ್ಯಕ್ಕೆ ‘ಚಿನ್ನದ ಚುಕ್ಕಿಯ ತಾಯಿ’ ಎಂದು ಬರೆದು, ಬಾವುಟದ ವಿಷಯ ಮೊದಲೇ ಹೇಳಿದ್ದೇನೆ. ಇದು ಒಪ್ಪುತ್ತದೆಯೇ? ಸೈನ್ಯಕ್ಕೆ ಜಾಸ್ತಿ ಜನ ಹೋದ ಕೊಡಗಿನಂಥ ಕಡೆ ಇಂಥ ತಾಯಿಗೆ ಆಡುಮಾತಿನಲ್ಲಿ ಏನಾದರೂ ಹೆಸರಿದೆಯೇ? ಆ ಕಡೆಯವರು ಇದ್ದರೆ ದಯವಿಟ್ಟು ಹೇಳಿ.