ಅಪ್‌ಡೇಟ್: ಗುಪ್ಪಟೆ ಗಿಡ ಕೊನೆಗೂ ಹಣ್ಣು ಬಿಡ್ತು

ಚಿಕ್ಕಮಗಳೂರಿಂದ ಮತ್ತೆ ಬರೀತಿದ್ದೀನಿ. ಕುಂಡದ ಗುಪ್ಪಟೆ ಗಿಡದಲ್ಲಿ (ಕಾಗದದಂಥ ಹೊದಿಕೆಯೊಳಗೆ ಪುಟ್ಟ ಹಣ್ಣು ಬಿಡುತ್ತಲ್ಲ, ಅದು) ಬರೀ ಎಲೆ, ಹೂವೆಲ್ಲ ಉದುರ್ತಿದೆ ಅಂತ ದಸರಾ ಹೊತ್ತಿಗೆ ಇಲ್ಲಿ ಕೇಳಿದ್ದೆ. ಗೊಬ್ಬರ ಜಾಸ್ತಿಯಾಗಿದೆ, ನಿಲ್ಲಿಸಿ ಬಿಸಿಲಿಗಿಡಿ ಅಂದಿದ್ರಿ.

ಹಾಗೇ ಮಾಡಿದೆ. ಸಿಲ್ವರ್ ಓಕ್ ನೆರಳಿಂದ ತಾರಸಿಗೆ ಸಾಗಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕ್ತಾ ಬಂದೆ. ಒಬ್ಬ ಅಕ್ಕ ಹೇಳಿದಂತೆ ದಿನಾ ಬೆಳಗ್ಗೆ ಹೂ ಬಿಟ್ಟ ರೆಂಬೆಗಳನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದೆ. ಪರಾಗ ಉದುರಿ ಕಾಯಿ ಕಟ್ಟೋಕೆ ಅದು ಸಹಾಯ ಮಾಡುತ್ತಂತೆ. ಮೂರು ವಾರಕ್ಕೆ ಎಲೆ ಸಂದಿಯಲ್ಲಿ ಪುಟ್ಟ ಹಸಿರು ಲಾಟೀನಿನಂಥ ಕಾಯಿಗಳು ತೂಗಾಡಿದವು!

ನಿನ್ನೆ ಕುಂಡದ ಬುಡದಲ್ಲಿ ಒಂದು ಬಿದ್ದಿತ್ತು. ಹೊದಿಕೆ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಬಿಡಿಸಿದರೆ ಚರಚರ ಸದ್ದು, ಒಳಗೆ ಅರಿಶಿನ ಬಣ್ಣದ ಹಣ್ಣು, ಮೈಯೆಲ್ಲ ಸ್ವಲ್ಪ ಅಂಟಂಟು. ಅಜ್ಜಿ ಗದ್ದೆ ಬದುವಲ್ಲಿ ಕಿತ್ತು ಕೊಡ್ತಿದ್ದ ಹುಳಿಸಿಹಿ ನೆನಪಾಗಿ ಕಣ್ಣು ತುಂಬಿತು.

ಮಕ್ಕಳಿರೋ ಮನೆಯವರು ದಯವಿಟ್ಟು ಗಮನಿಸಿ: ಟೊಮೆಟೊ ಕುಟುಂಬದ ಗಿಡ ಇದು, ಹಸಿರು ಕಾಯಲ್ಲೂ ಎಲೆಯಲ್ಲೂ ವಿಷಾಂಶ ಇರುತ್ತೆ. ಪೂರ್ತಿ ಹಣ್ಣಾದದ್ದನ್ನೇ ತಿನ್ನಿ. ಹೊದಿಕೆ ಬಿಡಿಸದೆ ಇಟ್ಟರೆ ವಾರಗಟ್ಟಲೆ ಕೆಡಲ್ಲ.

ಸಲಹೆ ಕೊಟ್ಟ ಎಲ್ಲರಿಗೂ ಬೀಜ ಒಣಗಿಸಿ ಇಡ್ತಿದ್ದೀನಿ.